ನೈಲ್ ಕ್ರೂಸ್: ದೇವಸ್ಥಾನ ಉಳಿದವು, ಊರು ಮುಳುಗಿದವು

ನೀವು ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಊಟ ಮುಗಿಸಿ ಇಯರ್‌ಫೋನ್ ಹಾಕ್ಕೊಂಡು ಮಲಗಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಇವತ್ತು ನಾವೆಲ್ಲ ಸೇರಿ ಒಂದು ಹಡಗು ಹತ್ತೋಣ. ಈಜಿಪ್ಟಿನ ನೈಲ್ ನದಿಯ ಹಡಗು.

ಇನ್‌ಸ್ಟಾಗ್ರಾಂನಲ್ಲಿ ನೋಡೇ ಇರ್ತೀರಿ. ಮೇಲಿನ ಡೆಕ್ಕಿನಲ್ಲಿ ಈಜುಕೊಳ, ಕೈಯಲ್ಲಿ ಟೀ ಕಪ್ಪು, ಎರಡೂ ದಡದಲ್ಲಿ ಖರ್ಜೂರದ ಮರ, ಅದರ ಹಿಂದೆ ಮರಳುಗಾಡು. ಲಕ್ಸರ್‌ನಿಂದ ಅಸ್ವಾನ್‌ವರೆಗೆ ಮೂರು ಅಥವಾ ನಾಲ್ಕು ರಾತ್ರಿ. ರಸ್ತೆಯಲ್ಲಿ ಹೋದ್ರೆ ಕೆಲವೇ ಗಂಟೆಗಳ ದಾರಿ, ಆದ್ರೆ ಹಡಗು ಅವಸರ ಮಾಡೋದಿಲ್ಲ. ಒಂದೊಂದು ಕಡೆ ನಿಲ್ಲುತ್ತೆ, ಗೈಡ್ ಇಳಿಸ್ಕೊಂಡು ಹೋಗ್ತಾನೆ, ದೇವಸ್ಥಾನ ತೋರಿಸ್ತಾನೆ, ಊಟದ ಹೊತ್ತಿಗೆ ವಾಪಸ್ ಕರ್ಕೊಂಡು ಬರ್ತಾನೆ.

ಇವತ್ತು ನಾವೂ ಅದೇ ದಾರಿಯಲ್ಲಿ ಹೋಗೋಣ. ಆದ್ರೆ ಪ್ರತಿ ನಿಲ್ದಾಣದಲ್ಲೂ ಒಂದು ಪ್ರಶ್ನೆ ಕೇಳ್ತಾ ಹೋಗೋಣ: ಈ ಕಲ್ಲು ಮೊದಲಿಂದಲೂ ಇಲ್ಲೇ ಇತ್ತಾ? ಇದರ ಪಕ್ಕದಲ್ಲಿ ಬದುಕ್ತಿದ್ದವರು ಈಗ ಎಲ್ಲಿದ್ದಾರೆ?

ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ

ಮೊದಲು ನದಿಯ ವಿಷಯ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಈಜಿಪ್ಟಿನಲ್ಲಿ ಗಾಳಿ ಹೆಚ್ಚಾಗಿ ಬೀಸೋದು ಉತ್ತರದಿಂದ ದಕ್ಷಿಣಕ್ಕೆ. ಇದರ ಲಾಭ ನೋಡಿ. ದಕ್ಷಿಣಕ್ಕೆ ಹೋಗಬೇಕಾದ್ರೆ ಹಾಯಿ ಬಿಚ್ಚಿದರೆ ಸಾಕು, ಗಾಳಿಯೇ ದೋಣಿಯನ್ನು ತಳ್ಳುತ್ತೆ. ಉತ್ತರಕ್ಕೆ ಬರಬೇಕಾದ್ರೆ ಹಾಯಿ ಮಡಚಿ, ಪ್ರವಾಹಕ್ಕೆ ಬಿಟ್ಟರಾಯಿತು. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲೂ ಇದು ಉಳಿದಿದೆ. ದಕ್ಷಿಣಕ್ಕೆ ಪ್ರಯಾಣ ಅನ್ನೋ ಪದದ ಜೊತೆ ಹಾಯಿ ಬಿಚ್ಚಿದ ದೋಣಿ, ಉತ್ತರಕ್ಕೆ ಪ್ರಯಾಣ ಅನ್ನೋ ಪದದ ಜೊತೆ ಹಾಯಿ ಇಲ್ಲದ ದೋಣಿ.

ಆದ್ರೆ ದೇವಸ್ಥಾನ ನೋಡೋದಕ್ಕಂತಲೇ ಜನ ಟಿಕೆಟ್ ತಗೊಂಡು ಗುಂಪಾಗಿ ಹೋಗೋಕೆ ಶುರುವಾದದ್ದು 19ನೇ ಶತಮಾನದಲ್ಲಿ. ಇಂಗ್ಲೆಂಡಿನ ಥಾಮಸ್ ಕುಕ್ 1869ರಲ್ಲಿ ತನ್ನ ಮೊದಲ ತಂಡವನ್ನು ನೈಲ್‌ಗೆ ಕರೆದುಕೊಂಡು ಬಂದ. ಸೂಯೆಜ್ ಕಾಲುವೆ ತೆರೆದ ವರ್ಷವೂ ಅದೇ. ಊಟ, ಹಡಗು, ಗೈಡ್ ಎಲ್ಲ ಒಂದೇ ದುಡ್ಡಿಗೆ. ಇವತ್ತು ನಾವು ಪ್ಯಾಕೇಜ್ ಟೂರ್ ಅಂತೀವಲ್ಲ, ಅದನ್ನ ನೈಲ್ ನದಿಗೆ ತಂದವನು ಅವನೇ. 1873ರಲ್ಲಿ ಅಮೀಲಿಯಾ ಎಡ್ವರ್ಡ್ಸ್ ಎಂಬ ಇಂಗ್ಲಿಷ್ ಲೇಖಕಿ ದಹಬಿಯಾ ಎಂಬ ಹಾಯಿದೋಣಿಯಲ್ಲಿ ಇದೇ ದಾರಿಯಲ್ಲಿ ಹೋದಳು. ಹಾಳಾಗುತ್ತಿದ್ದ ಸ್ಮಾರಕಗಳನ್ನು ಕಂಡು ಸುಮ್ಮನೆ ಕೂರಲಿಲ್ಲ. 1882ರಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್ ಸ್ಥಾಪನೆಯಾಗಲು ಕಾರಣಳಾದಳು. ಅಂದ್ರೆ ಪ್ರವಾಸಿಗಳು ಬಂದಿದ್ದಕ್ಕೇ ಕಲ್ಲುಗಳ ಬಗ್ಗೆ ಜಗತ್ತಿಗೆ ಕಾಳಜಿ ಹುಟ್ಟಿದ್ದೂ ನಿಜ. ಇದನ್ನ ನೆನಪಿಟ್ಟುಕೊಳ್ಳಿ.

ಲಕ್ಸರ್‌ನಿಂದ ಕೋಮ್ ಒಂಬೊ

ಲಕ್ಸರ್ ಅಂದ್ರೆ ಹಳೆಯ ಥೀಬ್ಸ್ ನಗರ. ಇಲ್ಲಿನ ಕಾರ್ನಾಕ್ ದೇವಸ್ಥಾನದ ಕಂಬಗಳ ಸಭಾಂಗಣದಲ್ಲಿ ಒಟ್ಟು 134 ಕಂಬಗಳಿವೆ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ, ಅಂದ್ರೆ ಏಳು ಮಹಡಿ ಕಟ್ಟಡದಷ್ಟು. ಅಲ್ಲಿ ನಿಂತು ಕತ್ತೆತ್ತಿ ನೋಡಿದರೆ ಮನುಷ್ಯ ಎಷ್ಟು ಸಣ್ಣವನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಅಲ್ಲಿಂದ ಲಕ್ಸರ್ ದೇವಸ್ಥಾನಕ್ಕೆ ಬನ್ನಿ. ಬಾಗಿಲ ಮುಂದೆ ಒಬೆಲಿಸ್ಕ್ ಅನ್ನೋ ಎತ್ತರದ ಕಲ್ಲುಕಂಬ ಒಂದೇ ನಿಂತಿದೆ. ಇಂಥ ಕಂಬಗಳು ಜೋಡಿಯಾಗಿ ಇರಬೇಕು. ಇನ್ನೊಂದು ಎಲ್ಲಿ? ಪ್ಯಾರಿಸ್‌ನಲ್ಲಿ! ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಅದನ್ನು ಫ್ರಾನ್ಸಿಗೆ ಉಡುಗೊರೆಯಾಗಿ ಕೊಟ್ಟ. 1836ರಿಂದ ಅದು ಅಲ್ಲಿನ ಕಾಂಕಾರ್ಡ್ ಚೌಕದಲ್ಲಿ ನಿಂತಿದೆ. ಕಲ್ಲುಗಳೂ ಊರು ಬಿಡುತ್ತವೆ ಅನ್ನೋದಕ್ಕೆ ಇದು ನಮ್ಮ ದಾರಿಯ ಮೊದಲ ಸಾಕ್ಷಿ.

ಮುಂದೆ ಎಸ್ನಾ. ಇಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಇದೆ. ಹಡಗುಗಳು ಸಾಲಾಗಿ ಕಾಯ್ತವೆ. ಲಾಕ್ ಎಂಬ ಕಿರಿದಾದ ಕೋಣೆಯೊಳಗೆ ಹಡಗು ಹೋಗುತ್ತೆ, ಬಾಗಿಲು ಮುಚ್ಚುತ್ತೆ, ನೀರು ತುಂಬುತ್ತೆ, ಹಡಗು ನಿಧಾನಕ್ಕೆ ಮೇಲೇಳುತ್ತೆ. ಅಷ್ಟು ಹೊತ್ತಿಗೆ ಪುಟ್ಟ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಬಟ್ಟೆ, ಟವೆಲ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೇರ ಡೆಕ್ಕಿಗೇ ಎಸೀತಾರೆ. ಇಷ್ಟ ಆದ್ರೆ ದುಡ್ಡು ಕೆಳಗೆ ಎಸೀರಿ, ಇಲ್ಲಾಂದ್ರೆ ಬಟ್ಟೆ ವಾಪಸ್ ಎಸೀರಿ. ಚೌಕಾಸಿ ಎಲ್ಲ ಕೂಗಾಟದಲ್ಲೇ.

ಆಮೇಲೆ ಎಡ್ಫು. ಹೋರಸ್ ದೇವರ ಗುಡಿ. ಕ್ರಿ.ಪೂ. 237ರಲ್ಲಿ ಶುರುವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಕಟ್ಟಡ. ಇದು ಇಷ್ಟು ಚೆನ್ನಾಗಿ ಉಳಿದದ್ದು ಹೇಗೆ ಗೊತ್ತಾ? ಮರಳು, ಮಣ್ಣಿನಲ್ಲಿ ಹೂತು ಹೋಗಿದ್ದರಿಂದ. ಅದರ ಚಾವಣಿಯ ಮೇಲೆ ಜನ ಮನೆ ಕಟ್ಟಿಕೊಂಡು ಸಂಸಾರ ಮಾಡ್ತಿದ್ದರು. 1860ರಲ್ಲಿ ಫ್ರೆಂಚ್ ಪುರಾತತ್ವಜ್ಞ ಒಗ್ಯುಸ್ತ್ ಮಾರಿಯೆಟ್ ಮಣ್ಣು ತೆಗೆಸಲು ಶುರು ಮಾಡಿದ. ದೇವಸ್ಥಾನ ಹೊರಗೆ ಬಂತು, ಮನೆಗಳು ಹೋದವು.

ನಂತರ ಕೋಮ್ ಒಂಬೊ. ಇಲ್ಲಿ ಒಂದೇ ಕಟ್ಟಡದಲ್ಲಿ ಇಬ್ಬರು ದೇವರಿಗೆ ಎರಡು ಗರ್ಭಗುಡಿ. ಒಬ್ಬ ಮೊಸಳೆ ಮುಖದ ಸೊಬೆಕ್, ಇನ್ನೊಬ್ಬ ಹಿರಿಯ ಹೋರಸ್. ಪಕ್ಕದ ಮ್ಯೂಸಿಯಂನಲ್ಲಿ ಮೊಸಳೆಗಳ ಮಮ್ಮಿಗಳಿವೆ. ಸಾಮಾನ್ಯವಾಗಿ ಹಡಗು ಇಲ್ಲಿ ಒಂದೆರಡು ಗಂಟೆ ಮಾತ್ರ ನಿಲ್ಲುತ್ತೆ. ಈ ಊರಿನ ಹೆಸರು ತಲೆಯಲ್ಲಿ ಇಟ್ಕೊಳ್ಳಿ. ಇಲ್ಲಿಗೆ ವಾಪಸ್ ಬರೋಣ.

ಅಸ್ವಾನ್: ನೀರೊಳಗಿನ ಗುಡಿ

ಅಸ್ವಾನ್‌ನಲ್ಲಿ ಫಿಲೆ ದ್ವೀಪ. ಐಸಿಸ್ ದೇವಿಯ ಗುಡಿ. ಚಿತ್ರಲಿಪಿಯಲ್ಲಿ ಬರೆದ ಶಾಸನಗಳಲ್ಲಿ ದಿನಾಂಕ ಗೊತ್ತಿರುವ ಕೊನೆಯ ಶಾಸನ ಇರೋದು ಇಲ್ಲೇ: ಕ್ರಿ.ಶ. 394ರ ಆಗಸ್ಟ್ 24. ಮೂರು ಸಾವಿರಕ್ಕೂ ಹೆಚ್ಚು ವರ್ಷ ಬಾಳಿದ ಒಂದು ಲಿಪಿಯ ಕೊನೆಯ ಸಾಲು.

1902ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಅಸ್ವಾನ್‌ನ ಮೊದಲ ಅಣೆಕಟ್ಟು ಮುಗಿಯಿತು. ಅದನ್ನು 1912ರಲ್ಲಿ ಎತ್ತರಿಸಿದರು, 1933ರಲ್ಲಿ ಮತ್ತೆ ಎತ್ತರಿಸಿದರು. ಫಿಲೆ ವರ್ಷದ ಹೆಚ್ಚಿನ ತಿಂಗಳು ನೀರಲ್ಲಿ ನಿಲ್ಲತೊಡಗಿತು. ಪ್ರವಾಸಿಗಳು ಕಂಬಗಳ ನಡುವೆಯೇ ದೋಣಿಯಲ್ಲಿ ತೇಲಿಕೊಂಡು ಹೋಗ್ತಿದ್ದರು. ಅದೂ ಒಂದು ಆಕರ್ಷಣೆಯೇ ಆಗಿತ್ತು!

1960ರಲ್ಲಿ ಅಧ್ಯಕ್ಷ ನಾಸೆರ್ ಕಾಲದಲ್ಲಿ ಹೈ ಡ್ಯಾಂ ಕೆಲಸ ಶುರುವಾಯಿತು, 1970ರಲ್ಲಿ ಮುಗಿಯಿತು. ಅದರ ಹಿಂದೆ ಸುಮಾರು 500 ಕಿಲೋಮೀಟರ್ ಉದ್ದದ ಸರೋವರ. ಈಜಿಪ್ಟ್ ದಾಟಿ ಸುಡಾನ್ ಒಳಗೂ ನೀರು ಹಬ್ಬಿತು. ಈ ನಾಡಿನ ಹೆಸರು ನೂಬಿಯಾ. ಅಲ್ಲಿ ಹತ್ತಾರು ದೇವಸ್ಥಾನಗಳಿದ್ದವು. 1960ರ ಮಾರ್ಚ್ 8ರಂದು ಯುನೆಸ್ಕೊ ಜಗತ್ತಿಗೆಲ್ಲ ಮನವಿ ಮಾಡಿತು: ಇವನ್ನು ಉಳಿಸಿ.

ಜಗತ್ತು ಓಗೊಟ್ಟಿತು. ಸುಮಾರು 50 ದೇಶಗಳು ಕೈಜೋಡಿಸಿದವು. ನಮ್ಮ ದೇಶವೂ ಇತ್ತು. ಭಾರತೀಯ ಪುರಾತತ್ವ ಇಲಾಖೆಯ ಬಿ.ಬಿ. ಲಾಲ್ ನೇತೃತ್ವದ ತಂಡ ನೂಬಿಯಾದ ಅಫಿಯೆ ಎಂಬಲ್ಲಿ ಉತ್ಖನನ ಮಾಡಿತು. ನೀರು ಬರೋ ಮೊದಲು ಎಷ್ಟು ಆಗುತ್ತೋ ಅಷ್ಟು ದಾಖಲಿಸಬೇಕಿತ್ತು.

ಅಬು ಸಿಂಬೆಲ್ ಕಥೆ ನಿಮಗೆ ಗೊತ್ತಿರಬಹುದು. ಎರಡನೇ ರಾಮ್ಸೆಸ್ ಬೆಟ್ಟ ಕೊರೆದು ಮಾಡಿಸಿದ ಗುಡಿ. ಮುಂದೆ ಸುಮಾರು 20 ಮೀಟರ್ ಎತ್ತರದ ನಾಲ್ಕು ಮೂರ್ತಿಗಳು. 1964ರಿಂದ 1968ರವರೆಗೆ ಅದನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲೆ, 200 ಮೀಟರ್ ಹಿಂದಕ್ಕೆ ಜೋಡಿಸಿದರು. ಖರ್ಚು ಸುಮಾರು 4 ಕೋಟಿ ಡಾಲರ್. ವರ್ಷಕ್ಕೆ ಎರಡು ಸಲ ಬೆಳಗಿನ ಬಿಸಿಲು ಗರ್ಭಗುಡಿಯವರೆಗೂ ಬೀಳುತ್ತಿತ್ತು. ಹೊಸ ಜಾಗದಲ್ಲೂ ಅದು ಬೀಳೋ ಹಾಗೆ ದಿಕ್ಕು ಹೊಂದಿಸಿದರು. ಈಗಲೂ ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಅದನ್ನು ನೋಡೋಕೆ ಜನ ಸೇರ್ತಾರೆ.

ಫಿಲೆಯನ್ನೂ ಬಿಡಲಿಲ್ಲ. ದ್ವೀಪದ ಸುತ್ತ ತಡೆಗೋಡೆ ಕಟ್ಟಿ, ನೀರು ಹೊರಹಾಕಿ, ಸುಮಾರು 40 ಸಾವಿರ ಕಲ್ಲುಗಳನ್ನು ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಒಯ್ದರು. ಹಳೆ ದ್ವೀಪದ ಆಕಾರವೇ ಬರುವಂತೆ ಹೊಸ ದ್ವೀಪವನ್ನು ಕಡಿದು ತಿದ್ದಿದರು. 1980ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು. ಇವತ್ತು ದೋಣಿಯಲ್ಲಿ ಹೋಗಿ ಇಳಿದರೆ, ಗುಡಿ ಮೊದಲಿಂದಲೂ ಅಲ್ಲೇ ಇದ್ದ ಹಾಗೆ ಕಾಣುತ್ತೆ. ಡೆಂಡೂರ್ ಎಂಬ ಇನ್ನೊಂದು ಗುಡಿ ಅಮೆರಿಕಕ್ಕೇ ಹೋಯಿತು. ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ.

ಜನ ಎಲ್ಲಿ ಹೋದರು?

ಈಗ ನಮ್ಮ ಎರಡನೇ ಪ್ರಶ್ನೆ. ಗುಡಿಗಳ ಸುತ್ತ ಊರುಗಳಿದ್ದವಲ್ಲ?

ನೂಬಿಯನ್ನರಿಗೆ ಅವರದೇ ಭಾಷೆ, ಅವರದೇ ಹಾಡು ಇದ್ದವು. ಮಣ್ಣಿನ ಮನೆಗಳ ಗೋಡೆಗೆ ಬಣ್ಣದ ಚಿತ್ರ, ಬಾಗಿಲ ಮೇಲೆ ಪಿಂಗಾಣಿ ತಟ್ಟೆ ಕೂರಿಸಿದ ಅಲಂಕಾರ. ಮೊದಲ ಅಣೆಕಟ್ಟು ಎತ್ತರವಾದಾಗಲೆಲ್ಲ ಇವರ ಹೊಲ, ಖರ್ಜೂರದ ತೋಟ ಮುಳುಗಿದ್ದವು. ಆಗೆಲ್ಲ ಇನ್ನಷ್ಟು ಮೇಲಕ್ಕೆ ಹೋಗಿ ಮನೆ ಕಟ್ಟಿಕೊಂಡರು. ಆದ್ರೆ ಹೈ ಡ್ಯಾಂ ಬಂದ ಮೇಲೆ, ಹೋಗೋಕೆ ಮೇಲೆ ಜಾಗವೇ ಉಳಿಯಲಿಲ್ಲ.

1963–64ರಲ್ಲಿ ಈಜಿಪ್ಟಿನ ಸುಮಾರು 50 ಸಾವಿರ ನೂಬಿಯನ್ನರನ್ನು ಸ್ಥಳಾಂತರಿಸಿದರು. ಸುಡಾನ್ ಕಡೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ಜನ ವಾದಿ ಹಾಲ್ಫಾ ಪ್ರದೇಶ ಬಿಟ್ಟು, ನೂರಾರು ಕಿಲೋಮೀಟರ್ ದೂರದ ಖಶ್ಮ್ ಎಲ್ ಗಿರ್ಬಾಗೆ ಹೋಗಬೇಕಾಯಿತು.

ಹಮ್ಜಾ ಎಲ್ ದಿನ್ ಎಂಬ ಸಂಗೀತಗಾರನ ಹೆಸರು ಇಲ್ಲಿ ಹೇಳಲೇಬೇಕು. ಹುಟ್ಟಿದ್ದು ನೂಬಿಯಾದ ತೋಷ್ಕಾ ಎಂಬ ಊರಲ್ಲಿ. ಓದಿದ್ದು ಎಂಜಿನಿಯರಿಂಗ್. ಮುಳುಗಡೆಯ ಸುದ್ದಿ ತಿಳಿದಾಗ ಕತ್ತೆ ಏರಿ, ಊದ್ ಎಂಬ ತಂತಿವಾದ್ಯ ಹಿಡಿದು, ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಎಚ್ಚರಿಸಿದ. ಮುಂದೆ ಅಮೆರಿಕದಲ್ಲಿ ನೆಲೆಸಿ, 1971ರಲ್ಲಿ 'ಎಸ್ಕಲೈ' ಎಂಬ ಆಲ್ಬಂ ತಂದ. ಎಸ್ಕಲೈ ಅಂದ್ರೆ ನೂಬಿಯನ್ ಭಾಷೆಯಲ್ಲಿ ಹೊಲಕ್ಕೆ ನೀರೆತ್ತುವ ಚಕ್ರ. ಈ ಸಂಚಿಕೆ ಮುಗಿದ ಮೇಲೆ ಹುಡುಕಿ ಕೇಳಿ. ಮುಳುಗಿದ ಊರಿನ ಚಕ್ರ ಕಿವಿಯಲ್ಲಿ ತಿರುಗುತ್ತೆ.

ಈಜಿಪ್ಟಿನ ಆ 50 ಸಾವಿರ ಜನರನ್ನು ಎಲ್ಲಿಗೆ ಕಳಿಸಿದರು ಗೊತ್ತಾ? ಕೋಮ್ ಒಂಬೊಗೆ. ಹೌದು, ಹಡಗು ಒಂದೆರಡು ಗಂಟೆ ನಿಲ್ಲುವ ಅದೇ ಕೋಮ್ ಒಂಬೊ. ಅದರ ಸುತ್ತಲಿನ ಬಯಲಲ್ಲಿ ಸಾಲು ಸಾಲು ಒಂದೇ ಥರದ ಮನೆಗಳು. ನದಿ ಮನೆ ಬಾಗಿಲಲ್ಲಿ ಇರಲಿಲ್ಲ, ಕಿಲೋಮೀಟರುಗಟ್ಟಲೆ ದೂರ ಇತ್ತು. ಮೊದಲ ತಿಂಗಳುಗಳಲ್ಲಿ ಅನೇಕ ಎಳೆಮಕ್ಕಳು, ವಯಸ್ಸಾದವರು ತೀರಿಕೊಂಡರು. ಜನ ಹೊಸ ಹಳ್ಳಿಗಳಿಗೆ ಹಳೆ ಹೆಸರುಗಳನ್ನೇ ಉಳಿಸಿಕೊಂಡರು: ಬಲ್ಲಾನಾ, ತೋಷ್ಕಾ, ಅಬು ಸಿಂಬೆಲ್. ಅಂದ್ರೆ ಈಜಿಪ್ಟಿನಲ್ಲಿ ಎರಡು ಅಬು ಸಿಂಬೆಲ್ ಇವೆ. ಒಂದು ಕಡೆ ದೇವಸ್ಥಾನ, ಇನ್ನೊಂದು ಕಡೆ ಆ ಊರಿನಿಂದ ಬಂದ ಜನ. ನಡುವೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಅಂತರ. ಪ್ರವಾಸಿ ಬಸ್ಸು ಹೋಗೋದು ದೇವಸ್ಥಾನ ಇರೋ ಕಡೆಗೆ ಮಾತ್ರ.

ಹಾಗಂತ ಅಣೆಕಟ್ಟೇ ತಪ್ಪು ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ವರ್ಷವಿಡೀ ನೀರಾವರಿ ಸಿಕ್ಕಿತು, ಹಳ್ಳಿಗಳಿಗೆ ವಿದ್ಯುತ್ ಬಂತು. 1980ರ ದಶಕದಲ್ಲಿ ನೈಲ್ ಹುಟ್ಟುವ ನಾಡುಗಳಲ್ಲಿ ಬರ ಬಿದ್ದಾಗ ಈಜಿಪ್ಟನ್ನು ಕಾಪಾಡಿದ್ದು ಇದೇ ಸರೋವರದ ನೀರು. ಗುಡಿಗಳನ್ನು ಉಳಿಸಿದ್ದೂ ದೊಡ್ಡ ಸಾಧನೆಯೇ. ಆ ಅನುಭವದಿಂದಲೇ ವಿಶ್ವ ಪರಂಪರೆ ತಾಣಗಳ ಕಲ್ಪನೆಗೆ ಬಲ ಬಂದು, 1972ರಲ್ಲಿ ಅದರ ಒಪ್ಪಂದ ಆಯಿತು.

ಪ್ರಶ್ನೆ ಇರೋದು ಕಾಳಜಿ ಎಲ್ಲಿ ನಿಂತಿತು ಅನ್ನೋದರಲ್ಲಿ. ಗರ್ಭಗುಡಿಯೊಳಗೆ ಬೀಳುವ ಬಿಸಿಲು ಕೂಡ ತಪ್ಪಬಾರದು ಅಂತ ಲೆಕ್ಕ ಹಾಕಿದರು. ಮನೆಯಿಂದ ನದಿ ಎಷ್ಟು ದೂರ ಆಗುತ್ತೆ ಅನ್ನೋದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 2014ರ ಈಜಿಪ್ಟ್ ಸಂವಿಧಾನದ 236ನೇ ವಿಧಿ, ನೂಬಿಯನ್ನರನ್ನು ಹತ್ತು ವರ್ಷದೊಳಗೆ ಅವರ ಮೂಲ ಪ್ರದೇಶಕ್ಕೆ ಮರಳಿಸುವ ಯೋಜನೆ ಆಗಬೇಕು ಅಂತ ಹೇಳಿತು. ಆ ಹತ್ತು ವರ್ಷ 2024ಕ್ಕೆ ಮುಗಿದಿದೆ.

ನೀವು ಯಾವತ್ತಾದರೂ ಆ ಹಡಗು ಹತ್ತಿದರೆ ಖಂಡಿತ ಎಲ್ಲವನ್ನೂ ನೋಡಿ. ಕಾರ್ನಾಕ್‌ನ ಕಂಬ ಅಪ್ಪಿಕೊಂಡು ಫೋಟೋ ತೆಗೆಸ್ಕೊಳ್ಳಬೇಡಿ, ಕಲ್ಲಿಗೆ ಬೆವರು ಆಗಲ್ಲ. ಕೋಮ್ ಒಂಬೊದಲ್ಲಿ ಮೊಸಳೆ ಮಮ್ಮಿ ನೋಡಿ ಹೊರಗೆ ಬಂದ ಮೇಲೆ, ನಿಮ್ಮ ಗೈಡನ್ನು ಒಂದು ಮಾತು ಕೇಳಿ: "ಅಣ್ಣಾ, ತೋಷ್ಕಾದವರ ಊರು ಇಲ್ಲಿಂದ ಯಾವ ಕಡೆಗೆ?" ಅವನು ಕೈ ತೋರಿಸಿದ ದಿಕ್ಕಿಗೆ ಒಂದು ಕ್ಷಣ ತಿರುಗಿ ನಿಲ್ಲಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಊರು, ಇನ್ನೊಂದು ಕಾಲ.