ಗುಂಡಿನ ಗಾತ್ರ ಯಾರು ನಿರ್ಧರಿಸ್ತಾರೆ?

2025ರ ಜನವರಿ 16. ಬೀದರ್‌ನಲ್ಲಿ ಹಾಡಹಗಲೇ, ಎಟಿಎಂಗೆ ದುಡ್ಡು ತುಂಬುವ ಸಿಬ್ಬಂದಿ ಮೇಲೆ ಬೈಕಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ದುಡ್ಡಿನ ಪೆಟ್ಟಿಗೆ ಹೊತ್ತುಕೊಂಡು ಹೋದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲೂ ಗುಂಡು ಹಾರಿಸಿದರು.

ಸಂಕ್ರಾಂತಿಗೆ ಅಂತ ನಾನು ಆಗ ಹಲಬರ್ಗಾದಲ್ಲಿದ್ದೆ. ಸಂಜೆ ಮನೆ ಕಟ್ಟೆ ಮೇಲೆ ಬೇರೆ ಮಾತೇ ಇಲ್ಲ. ಪಬ್‌ಜಿ ಆಡಿ ಬೆಳೆದ ನನ್ನ ತಮ್ಮ, ‘ನಮ್ಮ ಪೊಲೀಸರಿಗೆ ಪಾಯಿಂಟ್ ಫಾರ್ಟಿಫೈವ್ ಕೊಡಬೇಕು, ನೈನ್ ಎಂಎಂನಿಂದ ಏನೂ ಆಗಲ್ಲ’ ಅಂದ. ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ನಮ್ಮ ಕಾಕಾ ಕವಳಕಾಯಿ ಸುಲಿಯುವುದನ್ನು ನಿಲ್ಲಿಸಿ, ‘ಗುಂಡು ದೊಡ್ಡದಿದ್ರ ಏನಾತಪಾ? ಹತ್ತಬೇಕಲ್ಲಾ’ ಅಂದರು.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಮಾತು ಬಿಡಲಿಲ್ಲ. ಓದುತ್ತಾ ಹೋದೆ. ‘ದೊಡ್ಡದಾ, ಚಿಕ್ಕದಾ’ ಅನ್ನೋ ಈ ಜಗಳಕ್ಕೆ ನೂರು ವರ್ಷ ದಾಟಿದೆ.

1904ರಲ್ಲಿ ಅಮೆರಿಕದ ಸೈನ್ಯದ ಇಬ್ಬರು ಅಧಿಕಾರಿಗಳು, ಥಾಂಪ್ಸನ್ ಮತ್ತು ಲಗಾರ್ಡ್, ಶಿಕಾಗೋದ ಕಸಾಯಿಖಾನೆಯಲ್ಲಿ ದನಗಳ ಮೇಲೆ, ಜೊತೆಗೆ ಮನುಷ್ಯರ ಶವಗಳ ಮೇಲೂ ಗುಂಡು ಹಾರಿಸಿ ನೋಡಿದರು. ಪಿಸ್ತೂಲಿಗೆ .45ಕ್ಕಿಂತ ಕಡಿಮೆ ಗುಂಡು ಬೇಡ ಅಂತ ವರದಿ ಕೊಟ್ಟರು. ಬ್ರಿಟಿಷರ ಹತ್ತಿರವೂ .455ರ ದಪ್ಪ ವೆಬ್ಲಿ ರಿವಾಲ್ವರ್ ಇತ್ತು. ಆದರೆ ಮೊದಲ ಮಹಾಯುದ್ಧದಲ್ಲಿ ಅರ್ಧಂಬರ್ಧ ತರಬೇತಿಯ ಹುಡುಗರಿಗೆ ಅದರ ಒದೆತ ತಡೆದು ಗುರಿ ಹಿಡಿಯೋದೇ ಕಷ್ಟವಾಯಿತು. ಹಾಗಾಗಿ ಅವರು .38ಕ್ಕೆ ಇಳಿದರು. ಎನ್‌ಫೀಲ್ಡ್ ಕಾರ್ಖಾನೆಯ ಆ ರಿವಾಲ್ವರ್ 1932ರಲ್ಲಿ ಸೇವೆಗೆ ಬಂತು. ನಮ್ಮ ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ದಶಕಗಟ್ಟಲೆ ಇದ್ದದ್ದು ಇದೇ .38 ಬೋರ್.

ಅಧಿಕಾರಿಗಳ ಸೊಂಟ ಅಂದೆ. ಕಾನ್‌ಸ್ಟೇಬಲ್ ಕಥೆ ಬೇರೆ. ಬ್ರಿಟಿಷರು ಇಶಾಪುರ ಕಾರ್ಖಾನೆಯಲ್ಲಿ .303 ರೈಫಲ್ಲನ್ನೇ ಬದಲಾಯಿಸಿ .410ರ ಮಸ್ಕೆಟ್ ಮಾಡಿಸಿದರು. ನಳಿಕೆಯನ್ನು ಅಗಲ ಮಾಡಿ ಒಳಗಿನ ಗೀರು ತೆಗೆದರು. ಗುಂಡು ತುಂಬುವ ಮ್ಯಾಗಜೀನಿಗೆ ಮರದ ತುಂಡು ಜಡಿದರು, ಒಂದು ಸಲಕ್ಕೆ ಒಂದೇ ಗುಂಡು. ಪೊಲೀಸರಿಗೆ, ಜೈಲು ಕಾವಲಿನವರಿಗೆ ಇಂಥದ್ದು ಸಾಕು ಅಂತ. ದೂರ ಹೊಡೆಯಲಾಗದ, ಸೈನ್ಯದ ಗುಂಡು ಹಾಕಲಾಗದ ಬಂದೂಕು ಅದು. 1857ನ್ನು ಕಂಡಿದ್ದ ಸರ್ಕಾರಕ್ಕೆ ಕಳ್ಳನಷ್ಟೇ ಭಯ ತನ್ನದೇ ಪೇದೆಯ ಮೇಲೂ ಇತ್ತು! ಇಲ್ಲಿ ಗುಂಡಿನ ಗಾತ್ರ ನಿರ್ಧಾರವಾಗಿದ್ದು ಎದುರಾಳಿಯನ್ನು ನೋಡಿ ಅಲ್ಲ.

ಸ್ವಾತಂತ್ರ್ಯದ ನಂತರವೂ ಆ ಯೋಚನೆಯ ಒಂದು ಎಳೆ ಉಳಿಯಿತು. .38, .455, 9 ಎಂಎಂ ನಮ್ಮಲ್ಲಿ ‘ನಿಷೇಧಿತ ಬೋರ್’. ಲೈಸೆನ್ಸ್ ಇರುವ ಸಾಮಾನ್ಯರಿಗೆ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವ ರಿವಾಲ್ವರ್ .32ರದ್ದು. ಪೊಲೀಸರ ಗುಂಡು ಸಾಮಾನ್ಯರ ಬಂದೂಕಿಗೆ ಹೊಂದಬಾರದು, ಅಷ್ಟೇ. ಇದರಲ್ಲಿ ತಪ್ಪೇನೂ ನನಗೆ ಕಾಣಲ್ಲ. ಆದರೆ ಬೀದರ್‌ನಲ್ಲಿ ಗುಂಡು ಹಾರಿಸಿದವರು ಲೈಸೆನ್ಸ್ ಕೇಳಿಕೊಂಡು ಬಂದವರಲ್ಲ.

1981ರಿಂದ ಇಶಾಪುರದಲ್ಲೇ 9 ಎಂಎಂ ಪಿಸ್ತೂಲು ತಯಾರಾಗತೊಡಗಿತು. ಇಲ್ಲೊಂದು ತಮಾಷೆ ಇದೆ. ಅಂಗುಲದ ಲೆಕ್ಕ ಬಿಟ್ಟು ಅಳೆದರೆ ಹಳೇ .38ರ ಗುಂಡಿನ ಅಗಲ ಸುಮಾರು 9.2 ಎಂಎಂ. ಅಂದರೆ ಎರಡೂ ಹೆಚ್ಚುಕಮ್ಮಿ ಒಂದೇ! ವ್ಯತ್ಯಾಸ ತೂಕ ಮತ್ತು ವೇಗದಲ್ಲಿ. ಹಳೇದು 13 ಗ್ರಾಂ, ಸೆಕೆಂಡಿಗೆ ಸುಮಾರು 190 ಮೀಟರ್. 9 ಎಂಎಂ ಸುಮಾರು 8 ಗ್ರಾಂ, 350 ಮೀಟರ್ ಆಸುಪಾಸು.

ತಮ್ಮನ ವಾದದ ಮೂಲ ಇರೋದು ಮಯಾಮಿಯಲ್ಲಿ. 1986ರ ಏಪ್ರಿಲ್ 11ರಂದು ಎಂಟು ಮಂದಿ ಎಫ್‌ಬಿಐ ಏಜೆಂಟರು ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಬ್ಯಾಂಕು, ದುಡ್ಡಿನ ಗಾಡಿ, ಇವೇ ಆ ಇಬ್ಬರ ಗುರಿಗಳು. ಏಜೆಂಟರ 9 ಎಂಎಂ ಗುಂಡೊಂದು ಒಬ್ಬನ ತೋಳು ದಾಟಿ ಎದೆಗೆ ಹೊಕ್ಕಿತು, ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ರೈಫಲ್ ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎಫ್‌ಬಿಐ ಮೊದಲು 10 ಎಂಎಂಗೆ ಹೋಯಿತು. ಅದರ ಒದೆತ ಜಾಸ್ತಿಯಾಯ್ತು ಅಂತ 1990ರಲ್ಲಿ ಹುಟ್ಟಿದ .40ಕ್ಕೆ ಬಂತು. ಕೊನೆಗೆ 2014ರ ತನ್ನದೇ ವರದಿಯಲ್ಲಿ 9 ಎಂಎಂ ಸಾಕು ಅಂದಿತು. ಅಷ್ಟರಲ್ಲಿ ಗುಂಡುಗಳ ತಯಾರಿಕೆ ಸುಧಾರಿಸಿತ್ತು. ಜೊತೆಗೆ ಹೆಚ್ಚಿನ ಏಜೆಂಟರು 9 ಎಂಎಂನಿಂದಲೇ ಬೇಗ ಮತ್ತು ಸರಿಯಾಗಿ ಹೊಡೀತಿದ್ದರು. ಕಾಕಾನ ‘ಹತ್ತಬೇಕಲ್ಲಾ’ ತಲುಪೋಕೆ ಅವರಿಗೆ 28 ವರ್ಷ ಬೇಕಾಯಿತು.

ನಮ್ಮ ಮಯಾಮಿ 2008ರ ನವೆಂಬರ್ 26. ಮುಂಬೈ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47 ಹಿಡಿದ ಇಬ್ಬರ ಎದುರು ರೈಲ್ವೆ ಪೊಲೀಸರ ಕೈಲಿದ್ದದ್ದು ಲಾಠಿ, ತ್ರೀ ನಾಟ್ ತ್ರೀ. ಅದೇ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಕೆಯನ್ನೇ ಹಿಡಿದುಕೊಂಡು ಪ್ರಾಣ ಕೊಟ್ಟ ತುಕಾರಾಂ ಓಂಬ್ಳೆ ಬಳಿ ಬಂದೂಕೇ ಇರಲಿಲ್ಲ. ಆಮೇಲೆ ಹಲವು ರಾಜ್ಯಗಳ ಪೊಲೀಸರಿಗೆ ಹೊಸ ಆಯುಧ ಬಂತು, ಗ್ಲಾಕ್ ಪಿಸ್ತೂಲೂ ಬಂತು, ಫೋಟೋ ಬಂತು. ಎಷ್ಟು ಗುಂಡು ಪ್ರಾಕ್ಟೀಸಿಗೆ ಅಂತ ಕೇಳಿದವರು ಕಡಿಮೆ. ಪಿಸ್ತೂಲು ಒಂದು ಸಲದ ಖರ್ಚು, ಪ್ರಾಕ್ಟೀಸು ವರ್ಷ ವರ್ಷದ ಖರ್ಚು. ಆಫೀಸಲ್ಲಿ ಹೊಸ ಲ್ಯಾಪ್‌ಟಾಪ್ ಕೊಟ್ಟು ಟ್ರೇನಿಂಗ್ ಬಜೆಟ್ ಕಟ್ ಮಾಡೋದನ್ನು ನೋಡಿದವರಿಗೆ ಇದು ಅರ್ಥವಾಗುತ್ತೆ.

ಮೊನ್ನೆ ಫೋನಿನಲ್ಲಿ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ‘ನೀವು ಎಷ್ಟು ಗುಂಡು ಹೊಡೆದಿರಿ ಕಾಕಾ?’

‘ವರ್ಷಕ್ಕೊಮ್ಮೆ ಫೈರಿಂಗ್‌ಗೆ ಕರೀತಿದ್ರು. ಎಣಿಸಿ ಕೊಡ್ತಿದ್ರು, ಖಾಲಿ ಖೋಖಾ ಎಣಿಸಿ ವಾಪಸ್ ತಗೋತಿದ್ರು. ಒಮ್ಮಿ ಒಂದು ಖೋಖಾ ಹುಲ್ಲಾಗ ಬಿದ್ದು ಸಿಗಲಿಲ್ಲ. ಕತ್ತಲಾಗೋತನ ಹುಡುಕಿದೆವು. ಹೊಡೆದ ಗುಂಡು ಎಲ್ಲಿ ಹತ್ತಿತ್ತಂತ ಆ ದಿನ ಯಾರೂ ಕೇಳಲಿಲ್ಲ ನೋಡು.’