ಹಾಲಿನ ಲೋಟ ಯಾರ ಕೈಯಲ್ಲಿ?

1930ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್‌ನ ಶಾಲೆಗಳಲ್ಲಿ ಒಂದು ಭಾರಿ ಪ್ರಯೋಗ ಶುರುವಾಯಿತು. ಹತ್ತು ಸಾವಿರ ಮಕ್ಕಳಿಗೆ ದಿನವೂ ಮುಕ್ಕಾಲು ಪೈಂಟ್, ಅಂದರೆ ಸುಮಾರು 425 ಮಿ.ಲೀ. ಹಾಲು, ಇನ್ನು ಹತ್ತು ಸಾವಿರ ಮಕ್ಕಳಿಗೆ ಇಲ್ಲ. ನಾಲ್ಕು ತಿಂಗಳ ಬಳಿಕ ಎಲ್ಲರ ಎತ್ತರ, ತೂಕ ಅಳೆದರು. ಹಾಲು ಕುಡಿದವರೇ ಮುಂದೆ ಎಂದು ವರದಿ ಬಂತು. ಮರುವರ್ಷ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್ ಆ ವರದಿಯ ಹುಳುಕು ತೋರಿಸಿದ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಸಂಖ್ಯಾಶಾಸ್ತ್ರಜ್ಞ ಅವನು. ಗುಂಪು ಸರಿಹೊಂದಿಸುವ ಅವಕಾಶ ಉಪಾಧ್ಯಾಯರಿಗೆ ಇದ್ದುದರಿಂದ, ಕನಿಕರಪಟ್ಟು ಬಡಕಲು ಮಕ್ಕಳನ್ನೇ ಅವರು ಹಾಲಿನ ಕಡೆಗೆ ಸೇರಿಸಿದ್ದಿರಬೇಕು ಎಂದ. ಹೋಲಿಕೆ ಮೊದಲ ದಿನವೇ ಸೊಟ್ಟಗಾಗಿತ್ತು.

ಹಾಲು ಮತ್ತು ಮೂಳೆಯ ಕುರಿತ ಸಂಶೋಧನೆ ಅಂದಿನಿಂದ ಇಂದಿನವರೆಗೂ ಇದೇ ತೊಡಕಿಗೆ ಮತ್ತೆ ಮತ್ತೆ ಎಡವಿದೆ. ಹಾಲು ಏನು ಮಾಡಿತು ಎನ್ನುವ ಮುನ್ನ, ಅದನ್ನು ಕುಡಿದವರು ಯಾರು ಎಂದು ಕೇಳಬೇಕು.

ಮೊದಮೊದಲು ಕುಡಿದವರು ಅರೆಹೊಟ್ಟೆಯ ಮಕ್ಕಳು. 1926ರಲ್ಲಿ ಪ್ರಕಟವಾದ ಕಾರಿ ಮ್ಯಾನ್‌ನ ವರದಿಯಲ್ಲಿ, ಲಂಡನ್ ಬಳಿಯ ಆಶ್ರಯಧಾಮವೊಂದರ ಹುಡುಗರು ದಿನಕ್ಕೊಂದು ಪೈಂಟ್ ಹೆಚ್ಚುವರಿ ಹಾಲಿನಿಂದ ಉಳಿದವರಿಗಿಂತ ಚೆನ್ನಾಗಿ ಬೆಳೆದಿದ್ದರು. ದೇಹದ ಸುಮಾರು ಶೇ. 99ರಷ್ಟು ಕ್ಯಾಲ್ಸಿಯಂ ಇರುವುದು ಮೂಳೆ, ಹಲ್ಲುಗಳಲ್ಲಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ ಸಿಗುತ್ತದೆ. ‘ಹಾಲು ಕುಡಿ, ಮೂಳೆ ಗಟ್ಟಿಯಾಗುತ್ತೆ’ ಎಂಬ ಮನೆಮಾತಿಗೆ ವಿಜ್ಞಾನದ ಮುದ್ರೆ ಬಿತ್ತು. 1979ರಲ್ಲಿ ವೆಲಿಮಿರ್ ಮಾಟ್ಕೊವಿಚ್ ಯುಗೊಸ್ಲಾವಿಯದ ಎರಡು ಪ್ರದೇಶಗಳನ್ನು ಹೋಲಿಸಿದಾಗ, ಹೈನು ಹೆಚ್ಚು ತಿನ್ನುವ ಕಡೆ ಮೂಳೆ ದಟ್ಟವಾಗಿಯೂ ಸೊಂಟದ ಮುರಿತ ಕಡಿಮೆಯೂ ಇತ್ತು.

ಅಪಸ್ವರ ಎದ್ದದ್ದೂ ಅದೇ ಕಾಲದಲ್ಲಿ. ಪ್ರೋಟೀನು ಹುಟ್ಟಿಸುವ ಆಮ್ಲವನ್ನು ತಣಿಸಲು ದೇಹ ಮೂಳೆಯನ್ನೇ ಕರಗಿಸುತ್ತದೆ ಎಂದು 1968ರಲ್ಲಿ ವಾಕ್ಮನ್ ಮತ್ತು ಬರ್ನ್‌ಸ್ಟೈನ್ ಊಹಿಸಿದರು. ಕ್ಯಾಲ್ಸಿಯಂ ಹೆಚ್ಚು ತಿನ್ನುವ ದೇಶಗಳಲ್ಲೇ ಸೊಂಟದ ಮುರಿತ ಹೆಚ್ಚು ಎಂಬ ಒಗಟನ್ನು 1986ರಲ್ಲಿ ಮಾರ್ಕ್ ಹೆಗ್‌ಸ್ಟೆಡ್ ಮುಂದಿಟ್ಟರು. ಆಮ್ಲದ ವಾದ ಮುಂದೆ ಸೊರಗಿತು: ಪ್ರೋಟೀನು ಹೆಚ್ಚಿದಾಗ ಮೂತ್ರದಲ್ಲಿ ಹೋಗುವ ಹೆಚ್ಚುವರಿ ಕ್ಯಾಲ್ಸಿಯಂ ಬಹುಪಾಲು ಕರುಳು ಹೆಚ್ಚಾಗಿ ಹೀರಿಕೊಂಡದ್ದೇ ಎಂದು ತಿಳಿಯಿತು. ದೇಶ ದೇಶಗಳ ಹೋಲಿಕೆಯೂ ಸುಲಭವಲ್ಲ. ಹಾಲು ಕುಡಿಯುವ ಉತ್ತರದ ನಾಡುಗಳಲ್ಲಿ ಬಿಸಿಲು ಕಡಿಮೆ, ಜನ ಎತ್ತರ, ಆಯುಸ್ಸೂ ದೀರ್ಘ. ಮೂರೂ ಸೊಂಟ ಮುರಿಯುವ ಸಂಭವವನ್ನು ಹೆಚ್ಚಿಸುವಂಥವೇ.

ಆದರೂ ಅನುಮಾನ ಅಳಿಯಲಿಲ್ಲ. 1997ರಲ್ಲಿ ಡಯೇನ್ ಫೆಸ್ಕಾನಿಕ್ ತಂಡ ಅಮೆರಿಕದ 77,761 ದಾದಿಯರ ಹನ್ನೆರಡು ವರ್ಷಗಳ ಲೆಕ್ಕ ತೆರೆದಿಟ್ಟಿತು. ದಿನಕ್ಕೆ ಎರಡು ಲೋಟ ಕುಡಿದವರಿಗೂ ಮುರಿತದಿಂದ ರಕ್ಷಣೆ ಸಿಕ್ಕಿರಲಿಲ್ಲ. 2014ರಲ್ಲಿ ಸ್ವೀಡನ್ನಿನ ಕಾರ್ಲ್ ಮಿಖಾಯೆಲ್ಸನ್ ಇನ್ನೂ ದೊಡ್ಡ ಸುದ್ದಿ ಮಾಡಿದರು: ದಿನಕ್ಕೆ ಮೂರು ಲೋಟಕ್ಕೂ ಮೇಲ್ಪಟ್ಟು ಕುಡಿದ ಹೆಂಗಸರಲ್ಲಿ ಸಾವೂ ಹೆಚ್ಚು, ಸೊಂಟದ ಮುರಿತವೂ ಹೆಚ್ಚು. ವಿಚಿತ್ರವೆಂದರೆ, ಅದೇ ಅಧ್ಯಯನದಲ್ಲಿ ಮೊಸರಿನಂಥ ಹುಳಿಬರಿಸಿದ ಹಾಲು ಮತ್ತು ಚೀಸ್ ತಿಂದವರ ಲೆಕ್ಕ ತಿರುವುಮುರುವಾಗಿತ್ತು. ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸ್ ಮೇಲೆ ಸಂಶೋಧಕರ ಗುಮಾನಿ. ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ ಹಾಲು ಹೆಚ್ಚಿಸಿದವರೂ ಆ ಗುಂಪಿನಲ್ಲಿ ಇದ್ದಿರಬಹುದಲ್ಲ ಎಂಬುದು ಟೀಕಾಕಾರರ ಪ್ರಶ್ನೆ. ಲ್ಯಾನಾರ್ಕ್‌ಷೈರಿನ ತೊಡಕೇ ವೇಷ ಬದಲಿಸಿ ಬಂದಿತ್ತು.

ಇದಕ್ಕೆ ಮದ್ದು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ. 1992ರಲ್ಲಿ ಫ್ರಾನ್ಸಿನ 3,270 ವೃದ್ಧೆಯರ ಮೇಲೆ ಮರಿ ಶಾಪುಯಿ ತಂಡ ನಡೆಸಿದ ಪ್ರಯೋಗದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಪಡೆದವರಿಗೆ ಸೊಂಟದ ಮುರಿತ ಶೇ. 43ರಷ್ಟು ಕಡಿಮೆಯಾಯಿತು. 2006ರಲ್ಲಿ ಅಮೆರಿಕದ 36,282 ಮಹಿಳೆಯರ ಪ್ರಯೋಗದಲ್ಲಿ ಅವೇ ಮಾತ್ರೆಗಳಿಂದ ಮುರಿತ ಗಣನೀಯವಾಗಿ ಇಳಿಯಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಹೆಚ್ಚಿತು. ಫ್ರಾನ್ಸಿನ ಅಜ್ಜಿಯರಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿತ್ತು. ಅಮೆರಿಕದವರಿಗೆ ಊಟದಲ್ಲೇ ಕ್ಯಾಲ್ಸಿಯಂ ಸಾಕಷ್ಟಿತ್ತು.

ಮಾತ್ರೆಯಲ್ಲ, ಹೈನಿನ ಪದಾರ್ಥಗಳನ್ನೇ ಕೊಟ್ಟು ನೋಡಿದ್ದು 2021ರಲ್ಲಿ ಸಾಂಡ್ರಾ ಯೂಲಿಯಾನೊ ಪ್ರಕಟಿಸಿದ ಆಸ್ಟ್ರೇಲಿಯಾದ ಪ್ರಯೋಗ. 60 ವೃದ್ಧಾಶ್ರಮಗಳು, ಸರಾಸರಿ 86 ವಯಸ್ಸಿನ 7,195 ಮಂದಿ. ಅರ್ಧ ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ಎರಡು ವರ್ಷಗಳಲ್ಲಿ ಒಟ್ಟು ಮುರಿತ ಶೇ. 33, ಸೊಂಟದ ಮುರಿತ ಶೇ. 46 ತಗ್ಗಿತು, ಎಡವಿ ಬೀಳುವುದೂ ಶೇ. 11 ಇಳಿಯಿತು. ಹೈನೋದ್ಯಮದ ಹಣವೂ ಇದಕ್ಕೆ ಸಂದಿತ್ತು ಎಂಬುದನ್ನು ಮರೆಯಬಾರದು. ಆ ವೃದ್ಧರಿಗೆ ಮೊದಲು ಕ್ಯಾಲ್ಸಿಯಂ, ಪ್ರೋಟೀನು ಎರಡೂ ಸಾಲದಿದ್ದವು ಎಂಬುದನ್ನೂ.

ನೂರು ವರ್ಷಗಳ ಈ ಹಗ್ಗಜಗ್ಗಾಟವನ್ನು ಒಟ್ಟಿಗೆ ನೋಡಿದರೆ ಒಂದು ಎಳೆ ಸಿಗುತ್ತದೆ: ಕೊರತೆ ಇದ್ದಲ್ಲಿ ಹಾಲು ಫಲ ಕೊಟ್ಟಿದೆ; ತುಂಬಿದ ಹೊಟ್ಟೆಗೆ ಮೂರನೆಯ ಲೋಟ ಹೆಚ್ಚೇನೂ ಕೊಟ್ಟಿಲ್ಲ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರ ದಿನದ ಕ್ಯಾಲ್ಸಿಯಂ ಪ್ರಮಾಣವನ್ನು 600ರಿಂದ 1,000 ಮಿ.ಗ್ರಾಂಗೆ ಏರಿಸಿತು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ದಕ್ಷಿಣದಲ್ಲಿ ಕಡಿಮೆಯೇನಿಲ್ಲ. ಅವರಿಗೆ ಮೊಸರಿದೆ, ನೂರು ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ರಾಗಿಯಿದೆ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಕರ್ನಾಟಕದ ಶಾಲಾಮಕ್ಕಳಿಗೆ 150 ಮಿ.ಲೀ. ಹಾಲು ಸಿಗುತ್ತಿದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂಳೆ ತೆಳುವಾಗಿ ಕಂಡದ್ದು ಬಡಮನೆಗಳ ನಡುವಯಸ್ಸಿನ ಹೆಂಗಸರಲ್ಲಿ. ಮನೆಮಂದಿಗೆಲ್ಲ ಹಾಲು ಕಾಯಿಸಿ ಕೊಟ್ಟು, ತಾನು ಪಾತ್ರೆಯ ತಳದ ನಾಲ್ಕು ಹನಿಯನ್ನು ಟೀಗೆ ಬೆರೆಸಿಕೊಳ್ಳುವ ಹೆಂಗಸಿನ ಕೈಗೆ ಲೋಟ ಇನ್ನೂ ಬಂದಿಲ್ಲ.