ರಾಜಕುಮಾರನ ಕೀರ್ತಿಯೂ ಕುಶಲಿಯ ಕೈಯೂ

ಒಂದು ವಿದ್ಯೆಯು ಲೋಕದಲ್ಲಿ ಹಬ್ಬಿದಾಗ ಅದರ ಕೀರ್ತಿಯು ಯಾರಿಗೆ ಸಲ್ಲಬೇಕು? ಕಂಡುಹಿಡಿದವನಿಗೋ, ದೊಡ್ಡವರ ಸಭೆಗೆ ಒಯ್ದವನಿಗೋ, ಅದನ್ನೇ ನಂಬಿ ದುಡಿದವನಿಗೋ? ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಳೆದ ಮೆಜೊಟಿಂಟ್ ಭಾವಚಿತ್ರಗಳ ಚರಿತ್ರೆಯನ್ನು ನೋಡುವಾಗ ಈ ಪ್ರಶ್ನೆಯು ನಮ್ಮೆದುರಿಗೆ ಬಂದು ನಿಲ್ಲುತ್ತದೆ.

ಮೊದಲು ಕೆಲಸದ ಕ್ರಮವನ್ನು ತಿಳಿಯೋಣ. ಬಾಗಿದ ಅಲಗಿನಲ್ಲಿ ಸಣ್ಣ ಹಲ್ಲುಗಳುಳ್ಳ ಒಂದು ಉಪಕರಣವನ್ನು ತಾಮ್ರದ ತಗಡಿನ ಮೇಲೆ ತೊಟ್ಟಿಲಿನಂತೆ ತೂಗುತ್ತ, ನಾನಾ ದಿಕ್ಕುಗಳಲ್ಲಿ ನಡೆಸುವರು. ತಗಡೆಲ್ಲವೂ ತರಿತರಿಯಾಗುವುದು. ಆಗಲೇ ಮಸಿ ಹಚ್ಚಿ ಅಚ್ಚೊತ್ತಿದರೆ ಕಾಣುವುದು ಬರಿಯ ಕಪ್ಪು. ಬಳಿಕ ಬೆಳಕು ಬೇಕಾದೆಡೆಯಲ್ಲಿ ಆ ತರಿಯನ್ನು ಹೆರೆದು ನಯಗೊಳಿಸುವರು, ನಯವಾದಷ್ಟೂ ಬಿಳುಪು. ಹೀಗೆ ಗೆರೆಗಳ ಹಂಗಿಲ್ಲದೆ ಕೆನ್ನೆಯ ನೆರಳೂ ರೇಷ್ಮೆಯ ಹೊಳಪೂ ಮೂಡುವುವು. ಆದರೆ ಅಚ್ಚೊತ್ತುತ್ತ ಹೋದಂತೆ ತರಿಯು ಬೇಗನೆ ಸವೆಯುವುದು. ಮೊದಮೊದಲಿನ ಪ್ರತಿಗಳಿಗೇ ಹೆಚ್ಚು ಬೆಲೆ.

ಈ ಮಾರ್ಗದ ಮೊದಲ ಹೆಜ್ಜೆಯನ್ನಿಟ್ಟವನು ಲುಡ್ವಿಗ್ ಫಾನ್ ಸೀಗೆನ್ ಎಂಬ ಜರ್ಮನ್ ಸೈನಿಕ. ಹೆಸ್ಸೆ-ಕಾಸೆಲಿನ ಅಮೇಲಿಯಾ ಎಲಿಜಬೆತ್ತಳ ಚಿತ್ರವನ್ನು ಆತನು 1642ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯ ಪಕ್ಷದಲ್ಲಿ ಕಾದಿದ ಸೋದರಳಿಯ ರಾಜಕುಮಾರ ರೂಪರ್ಟನು, ಸೋತು ಯುರೋಪಿನಲ್ಲಿದ್ದ ಕಾಲದಲ್ಲಿ ಈ ವಿದ್ಯೆಯನ್ನು ತಿಳಿದು ಉತ್ತಮಪಡಿಸಿದನು. 1658ರಲ್ಲಿ ಅವನು ರಚಿಸಿದ ವಧಕಾರನ ದೊಡ್ಡ ಚಿತ್ರವು ಇಂದಿಗೂ ಪ್ರಸಿದ್ಧವಾಗಿದೆ. 1662ರಲ್ಲಿ ಜಾನ್ ಈವ್ಲಿನ್ ತನ್ನ ‘ಸ್ಕಲ್ಪ್ಚುರಾ’ ಗ್ರಂಥದಲ್ಲಿ ಈ ಕಲೆಯನ್ನು ಇಂಗ್ಲಿಷರಿಗೆ ಪರಿಚಯಮಾಡಿಸಿ, ಅದನ್ನು ಕಂಡುಹಿಡಿದವನು ರೂಪರ್ಟನೇ ಎಂದು ಸಾರಿದನು. ಸೀಗೆನ್ನನು ಮರೆಯಾದನು. ಆದರೂ ಆತನ ಚಿತ್ರದಲ್ಲಿ ಕೆತ್ತಿದ್ದ ವರ್ಷವು ಅಳಿಯಲಿಲ್ಲ. ಇತಿಹಾಸಕಾರರಿಗೆ ಅದೇ ಸಾಕ್ಷಿಯಾಯಿತು.

ಇಂಗ್ಲೆಂಡಿನಲ್ಲಿ ತಯಾರಾಗಿ ವರ್ಷವನ್ನು ಹೊತ್ತ ಮೊದಲ ಮೆಜೊಟಿಂಟ್, ವಿಲಿಯಂ ಶರ್ವಿನ್ 1669ರಲ್ಲಿ ಮಾಡಿದ ಎರಡನೆಯ ಚಾರ್ಲ್ಸನ ಚಿತ್ರ. ಬಳಿಕ ಡಚ್ಚರ ಅಬ್ರಹಾಂ ಬ್ಲೂಟೆಲಿಂಗನಂತಹ ನಿಪುಣರು ಲಂಡನ್ನಿಗೆ ಬಂದರು. ಲೇಲಿ, ನೆಲ್ಲರ್ ಮೊದಲಾದವರು ಶ್ರೀಮಂತರ ಮನೆಗಳಿಗಾಗಿ ಬರೆದ ವರ್ಣಚಿತ್ರಗಳು ತಾಮ್ರಕ್ಕಿಳಿದು ಅಂಗಡಿಗಳಲ್ಲಿ ಮಾರಾಟಕ್ಕೆ ಬಂದುವು. ಅರಮನೆಯನ್ನು ಎಂದೂ ಹೊಗದವನೂ ಅರಸನ ಮುಖವನ್ನು ಕೊಂಡು ಮನೆಗೆ ಒಯ್ಯಬಹುದಾಯಿತು. ಮುಂದೆ ಈ ಕಲೆಗೆ ಯುರೋಪಿನಲ್ಲಿ ‘ಇಂಗ್ಲಿಷ್ ರೀತಿ’ ಎಂಬ ಹೆಸರೇ ನಿಂತಿತು.

ಆ ಕುಶಲಿಗಳಲ್ಲಿ ಅಗ್ರಗಣ್ಯನು ಜಾನ್ ಸ್ಮಿತ್. ನೆಲ್ಲರನ ಎಷ್ಟೋ ಚಿತ್ರಗಳನ್ನು ಅಚ್ಚಿನ ಮೂಲಕ ಊರೂರಿಗೆ ಮುಟ್ಟಿಸಿದವನು ಆತನೇ. 1696ರಲ್ಲಿ ನೆಲ್ಲರನು ಸ್ಮಿತ್ತನ ಭಾವಚಿತ್ರವನ್ನು ಬರೆದನು. ಅದರಲ್ಲಿ ಸ್ಮಿತ್ತನ ಕೈಯಲ್ಲಿರುವುದು, ಆತನೇ ತಯಾರಿಸಿದ ನೆಲ್ಲರನ ಮೆಜೊಟಿಂಟ್ ಚಿತ್ರ! ರಾಜರ ಮುಖಗಳನ್ನು ಬರೆಯುತ್ತಿದ್ದ ಚಿತ್ರಕಾರನು ತನ್ನ ಕೀರ್ತಿಯನ್ನು ಹರಡಿದ ಕುಶಲಿಗೆ ಸಲ್ಲಿಸಿದ ಮರ್ಯಾದೆಯಿದು. ಸೀಗೆನ್ನನಿಗೆ ತಡವಾಗಿ ದೊರೆತ ನ್ಯಾಯವು ಸ್ಮಿತ್ತನಿಗೆ ಬದುಕಿರುವಾಗಲೇ ದೊರೆಯಿತೆಂದು ನಾವು ಸಂತೋಷಪಡಬಹುದು.